ಅರಳುಮರಳಿಗೆ ಮುನ್ನ ತಪ್ಪುವ ಲೆಕ್ಕ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡಿನ ರಾಶಿಯ ಮುಂದೆ ನಿಂತ ಅನುಭವಿ ರೀಲರ್ ಕಾಗದ, ಪೆನ್ನು ಹಿಡಿಯುವುದಿಲ್ಲ. ಒಂದು ಹಿಡಿ ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಬೆರಳಲ್ಲಿ ಒತ್ತಿ ನೋಡುತ್ತಾನೆ. ಅಷ್ಟು ಹೊತ್ತಿಗೆ ಅವನ ತಲೆಯೊಳಗೆ ದೊಡ್ಡದೊಂದು ಲೆಕ್ಕ ಮುಗಿದಿರುತ್ತದೆ. ಈ ಗೂಡಿನ ರೆಂಡಿಟ್ಟಾ ಎಷ್ಟು, ಅಂದರೆ ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು, ನೂಲಿನ ಇವತ್ತಿನ ದರವೇನು, ಕೂಲಿ ಸೌದೆಗೆಲ್ಲ ಎಷ್ಟು ಹೋಗುತ್ತದೆ, ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ. ರೆಂಡಿಟ್ಟಾ ಏಳು ಎಂದು ಅಂದಾಜಿಸಿದವನು ಗೂಡಿನ ಕಿಲೋಗೆ 50 ರೂಪಾಯಿ ಹೆಚ್ಚಿಗೆ ಕೂಗಿದರೆ ನೂಲಿನ ಕಿಲೋಗೆ 350 ರೂಪಾಯಿ ಕಳೆದುಕೊಂಡಂತೆ. ಬಾಯಿಮಾತಿನ ಹರಾಜು ಹೋಗಿ ಮೊಬೈಲಿನಲ್ಲಿ ಬೆಲೆ ಒತ್ತುವ ಇ-ಹರಾಜು ಬಂದಿದ್ದರೂ ಈ ಒಳಲೆಕ್ಕವನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ಚಿಂತಾಮಣಿಯ ಮಂಡಿಗಳಲ್ಲೂ ಇದೇ ಕಥೆ. ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಪಟ್ಟಿಯಲ್ಲಿ ಎಷ್ಟು ಹಿಡಿಯಬೇಕು ಎಂಬುದು ಹಳೆಯ ಮಂಡಿ ಯಜಮಾನನಿಗೆ ಪುಸ್ತಕ ತೆಗೆಯುವ ಮೊದಲೇ ಗೊತ್ತು. ಗೌರಿಬಿದನೂರಿನ ಹಳ್ಳಿಯೊಂದರಲ್ಲಿ ಎರಡು ಹಸು ಕಟ್ಟಿಕೊಂಡ ಮುದುಕಿಗೆ ಅಕ್ಷರ ಬಾರದಿದ್ದರೂ ಡೇರಿಯ ಬಟವಾಡೆಯಲ್ಲಿ ಒಂದು ಲೀಟರಿನ ದುಡ್ಡು ಕಡಿಮೆ ಬಂದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವಷ್ಟು ನೆನಪಿರುತ್ತದೆ. ಶಿವರಾತ್ರಿಯ ಹೊತ್ತಿನ ನಂದಿಯ ದನಗಳ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಿದ್ದ ವ್ಯಾಪಾರವಂತೂ ಪೂರ್ತಿ ನೆನಪು ಮತ್ತು ಅಂದಾಜಿನ ಮೇಲೆಯೇ ನಿಂತದ್ದು.

ಹೀಗೆ ತಲೆಯಲ್ಲೇ ಲೆಕ್ಕವಿಟ್ಟು ನಲವತ್ತು ವರ್ಷ ಬದುಕಿದವರು ಒಂದು ದಿನ ಲೆಕ್ಕ ತಪ್ಪತೊಡಗಿದರೆ ಅದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ವೈದ್ಯರ ಕಣ್ಣಿಗಂತೂ ಅಲ್ಲ. ಕಿರಾಣಿ ಅಂಗಡಿಯವನಿಗೆ, ಚೀಟಿ ನಡೆಸುವವನಿಗೆ, ಬ್ಯಾಂಕಿನ ಕ್ಯಾಷಿಯರಿಗೆ, ಬಡ್ಡಿ ಸಾಲಕ್ಕೆ ಬಂದು ಹೋಗುವವರಿಗೆ. ಮನೆಯವರಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ತಿಳಿದಾಗಲೂ ಅದು ಕಾಯಿಲೆಯೆಂದು ತೋರುವುದಿಲ್ಲ. ‘ಅಪ್ಪನಿಗೆ ದುಡ್ಡಿನ ಮೇಲೆ ನಿಗಾ ಇಲ್ಲ’, ‘ಅಮ್ಮ ದೊಡ್ಡ ಮಗಳಿಗೆ ಗುಟ್ಟಾಗಿ ಕೊಡುತ್ತಿದ್ದಾಳೆ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಜಗಳ ಒಂದು ಹಂತಕ್ಕೆ ಬಂದು, ಮಕ್ಕಳು ಬೇರೆ ಬೇರೆ ಒಲೆ ಹೂಡಿದ ಮೇಲೆ ಯಾರೋ ಒಬ್ಬರು ತಾತನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಆಗ ವೈದ್ಯರು ಹೇಳುವ ಹೆಸರು ಡಿಮೆನ್ಷಿಯಾ.

ಕನ್ನಡದಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಅರವತ್ತಕ್ಕೆ ಅರಳುಮರಳು. ಮಾತು ಚೆಂದವಾಗಿದೆ, ಆದರೆ ಅದರಿಂದ ಆದ ತೊಂದರೆಯೂ ಸಣ್ಣದಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಸಹಜ ಸ್ಥಿತಿ ಇದು ಎಂಬ ಸಮಾಧಾನವನ್ನು ಅದು ಕೊಟ್ಟುಬಿಡುತ್ತದೆ. ಈ ಸಮಾಧಾನ ಸುಳ್ಳೆಂದು ತೋರಿಸಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ನೂರು ದಾಟಿ 1962ರಲ್ಲಿ ತೀರಿಕೊಂಡರು. ಅವರು ದಿವಾನರಾಗಿದ್ದಾಗ 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಈ ಸೀಮೆಯ ಎಷ್ಟೋ ಹಿರಿಯರ ಪಾಸ್‌ಬುಕ್ ಆ ಬ್ಯಾಂಕಿನದೇ ಆಗಿತ್ತು. ಮುಪ್ಪು ಬೇರೆ, ಮರೆವಿನ ಕಾಯಿಲೆ ಬೇರೆ.

ಇಪ್ಪತ್ತು ಕಾಸಿನ ಪರೀಕ್ಷೆ

ಕುತೂಹಲದ ಸಂಗತಿಯೆಂದರೆ, ಈ ಕಾಯಿಲೆಗೆ ವೈದ್ಯಶಾಸ್ತ್ರ ಹೆಸರಿಡುವ ಶತಮಾನಗಳ ಮೊದಲೇ ನ್ಯಾಯಶಾಸ್ತ್ರ ಇದನ್ನು ಗುರುತಿಸಿತ್ತು. ಹಣದ ವ್ಯವಹಾರ ಇದ್ದಲ್ಲೆಲ್ಲ ‘ಇವನು ಬರೆದುಕೊಟ್ಟದ್ದು ಸಲ್ಲುತ್ತದೆಯೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯ, ಯಾರು ಮಾಡಿದ ವ್ಯವಹಾರ ಸಲ್ಲದು ಎಂದು ಪಟ್ಟಿ ಕೊಡುವಾಗ ಅಮಲೇರಿದವನು, ಹುಚ್ಚು ಹಿಡಿದವನು, ರೋಗದಿಂದ ನರಳುವವನು, ಬಾಲಕ ಇವರ ಜೊತೆಗೆ ‘ಸ್ಥವಿರ’ನನ್ನು, ಅಂದರೆ ತೀರ ಮುದುಕನನ್ನು ಸೇರಿಸಿದೆ. ಯಾಜ್ಞವಲ್ಕ್ಯ ಸ್ಮೃತಿಯ ಇಂಥದೇ ಪಟ್ಟಿಯಲ್ಲಿ ಅಮಲೇರಿದವನಿದ್ದಾನೆ, ಹುಚ್ಚನಿದ್ದಾನೆ, ಹೆದರಿದವನೂ ಇದ್ದಾನೆ. ಮುದುಕನ ಹೆಸರು ಮಾತ್ರ ನೇರವಾಗಿ ಇಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ವ್ಯಾಖ್ಯಾನ ಬರೆದದ್ದು ಈ ಎರಡನೆಯ ಸ್ಮೃತಿಗೆ. ವಯಸ್ಸೇ ಅನರ್ಹತೆಯೋ, ಬುದ್ಧಿಯ ಸ್ಥಿತಿ ಅನರ್ಹತೆಯೋ ಎಂಬ ಭೇದ ಈ ಎರಡು ಪಟ್ಟಿಗಳ ನಡುವೆ ಇಣುಕುತ್ತದೆ. ಇಂದಿನ ಕಾನೂನಿಗೆ ಹತ್ತಿರವಾಗಿರುವುದು ಎರಡನೆಯದು.

ಇಂಗ್ಲೆಂಡಿನಲ್ಲಿ ಇದಕ್ಕೆ ಪರೀಕ್ಷೆಯೇ ಇತ್ತು. ಆಸ್ತಿವಂತನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ದೂರು ಬಂದರೆ ರಾಜನ ಅಧಿಕಾರಿಗಳು ಹತ್ತಾರು ಜನರ ಎದುರು ಆತನನ್ನು ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. 1383ರಲ್ಲಿ ಲಿನ್ ಎಂಬ ಬಂದರು ಪಟ್ಟಣದ ಎಮ್ಮಾ ಡಿ ಬೆಸ್ಟನ್ ಎಂಬ ಹೆಂಗಸನ್ನು ಹೀಗೆ ವಿಚಾರಿಸಿದ ದಾಖಲೆ ಉಳಿದಿದೆ. ಆಕೆಯ ಆಸ್ತಿ ಯಾರ ಸುಪರ್ದಿನಲ್ಲಿರಬೇಕು ಎಂಬುದು ವ್ಯಾಜ್ಯ. ಯಾವ ಊರಿನಲ್ಲಿದ್ದೀಯ ಎಂದರೆ ಬೇರೆ ಊರಿನ ಹೆಸರು ಹೇಳಿದಳು. ವಾರಕ್ಕೆ ಏಳು ದಿನ ಎಂದಳು, ಅವುಗಳ ಹೆಸರು ಬರಲಿಲ್ಲ. ಮೂವರನ್ನು ಮದುವೆಯಾಗಿದ್ದೆ ಎಂದಳು, ಒಬ್ಬನ ಹೆಸರಷ್ಟೇ ನೆನಪಿತ್ತು. ಆಮೇಲೆ ದುಡ್ಡಿನ ಪ್ರಶ್ನೆ: ನಲವತ್ತು ಪೆನ್ನಿಗೆ ಎಷ್ಟು ಷಿಲಿಂಗ್? ತಿಳಿಯದು. ಇಪ್ಪತ್ತು ಬೆಳ್ಳಿಯ ಗ್ರೋಟ್ ಬೇಕೋ ನಲವತ್ತು ಪೆನ್ನಿ ಬೇಕೋ? ಎರಡೂ ಒಂದೇ ಎಂದುಬಿಟ್ಟಳು. ಒಂದು ಗ್ರೋಟಿಗೆ ನಾಲ್ಕು ಪೆನ್ನಿ. ಇಪ್ಪತ್ತು ಗ್ರೋಟ್ ಎಂದರೆ ಎಂಬತ್ತು ಪೆನ್ನಿ. ಆರು ಶತಮಾನಗಳ ಹಿಂದಿನ ಆ ವಿಚಾರಣೆಯ ಪ್ರಶ್ನೆಗಳನ್ನು ಇಂದಿನ ನರರೋಗ ತಜ್ಞರ ಮುಂದಿಟ್ಟರೆ ತಮ್ಮದೇ ಪ್ರಶ್ನೆಪತ್ರಿಕೆ ಎಂದಾರು. 1534ರಲ್ಲಿ ಫಿಟ್ಜ್‌ಹರ್ಬರ್ಟ್ ಎಂಬ ನ್ಯಾಯಾಧೀಶ ತನ್ನ ಗ್ರಂಥದಲ್ಲಿ ಬುದ್ಧಿಹೀನತೆಯ ಲಕ್ಷಣ ಕೊಡುವಾಗ ಮೊದಲು ಹೇಳಿದ್ದು ಇಪ್ಪತ್ತು ಪೆನ್ನಿ ಎಣಿಸಲಾರದವನು ಎಂದೇ.

ಆದರೆ ಆ ಪರೀಕ್ಷೆಯಲ್ಲಿ ಒಂದು ದೋಷವಿತ್ತು. ಹುಟ್ಟಿನಿಂದಲೇ ಎಣಿಕೆ ಬಾರದವನನ್ನೂ ಬಾಳೆಲ್ಲ ಎಣಿಸಿ ಈಗ ಮರೆತವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಈ ಎರಡನ್ನು ಸ್ಪಷ್ಟವಾಗಿ ಬೇರೆ ಮಾಡಿದವರಲ್ಲಿ ಫ್ರಾನ್ಸಿನ ವೈದ್ಯ ಎಸ್ಕಿರೋಲ್ ಮುಖ್ಯ. 1838ರ ತನ್ನ ಗ್ರಂಥದಲ್ಲಿ ಆತ ಕೊಟ್ಟ ಹೋಲಿಕೆಯೂ ಹಣದ್ದೇ: ಡಿಮೆನ್ಷಿಯಾ ಬಂದವನು ಇದ್ದ ಸಂಪತ್ತನ್ನು ಕಳೆದುಕೊಂಡ ಸಿರಿವಂತನಂತೆ, ಹುಟ್ಟಾ ಬುದ್ಧಿಮಾಂದ್ಯನಾದವನು ಎಂದೂ ಬಡವನಾಗಿದ್ದವನಂತೆ. ಇವತ್ತಿಗೂ ಕನ್ನಡದಲ್ಲಿ ಡಿಮೆನ್ಷಿಯಾವನ್ನು ‘ಬುದ್ಧಿಮಾಂದ್ಯತೆ’ ಎಂದು ಬರೆಯುವವರಿದ್ದಾರೆ. ಅವರಿಗೆ ಈ ಹೋಲಿಕೆ ಉಪಯೋಗಕ್ಕೆ ಬಂದೀತು.

ಜರ್ಮನಿಯ ಅಲೋಯಿಸ್ ಆಲ್ಝೈಮರ್ ಹೆಸರು ಈಗ ಎಲ್ಲರಿಗೂ ಗೊತ್ತು. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದ ಆಗುಸ್ಟೆ ಡೆಟರ್ ಎಂಬ ಐವತ್ತೊಂದು ವರ್ಷದ ಹೆಂಗಸನ್ನು ಆತ ದಿನವೂ ಮಾತಾಡಿಸಿ ಟಿಪ್ಪಣಿ ಮಾಡಿಕೊಂಡ. ಬಹುಕಾಲ ಕಣ್ಮರೆಯಾಗಿದ್ದ ಆ ಕಡತ 1995ರಲ್ಲಿ ಮತ್ತೆ ಸಿಕ್ಕಿತು. ಅದರ ಪ್ರಶ್ನೆಗಳಲ್ಲಿ ಒಂದು ಸಂತೆಯ ಲೆಕ್ಕ: ಒಂದೊಂದಕ್ಕೆ ಇಷ್ಟು ಕಾಸಿನಂತೆ ಆರು ಮೊಟ್ಟೆ ಕೊಂಡರೆ ಒಟ್ಟು ಎಷ್ಟಾಯಿತು? ಮನೆ ನಡೆಸಿದ ಹೆಂಗಸು ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಆಕೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ನವೆಂಬರಿನಲ್ಲಿ ಆತ ತನ್ನ ಕಂಡುಕೊಳ್ಳುವಿಕೆಯನ್ನು ವೈದ್ಯರ ಸಭೆಯಲ್ಲಿ ಮಂಡಿಸಿದ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಅದಕ್ಕೆ ಆಲ್ಝೈಮರ್ ಕಾಯಿಲೆ ಎಂದು ಹೆಸರಿಟ್ಟ.

ಹಣವೇ ಏಕೆ ಮೊದಲು?

ನೆನಪು ಹೋಗುವ ಕಾಯಿಲೆ ಮೊದಲು ದುಡ್ಡಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಸರಳ. ಹಲ್ಲುಜ್ಜುವುದು, ಸ್ನಾನ, ಊಟ ಇವೆಲ್ಲ ಬಾಲ್ಯದಿಂದ ಕೈಗೆ ಕೂತ ಅಭ್ಯಾಸಗಳು. ಆದರೆ ಹಣದ ಒಂದು ವ್ಯವಹಾರಕ್ಕೆ ಮಿದುಳಿನ ಹಲವು ಶಕ್ತಿಗಳು ಒಟ್ಟಿಗೆ ಬೇಕು. ಹೋದ ತಿಂಗಳು ಏನು ಕೊಟ್ಟೆ ಎಂಬ ನೆನಪು, ಕೂಡಿಸಿ ಕಳೆಯುವ ಗಣಿತ, ಗಡುವಿನ ಎಚ್ಚರ, ಎದುರಿಗಿರುವವನು ನಂಬಿಕಸ್ಥನೋ ಅಲ್ಲವೋ ಎಂಬ ವಿವೇಕ. ಇವುಗಳಲ್ಲಿ ಯಾವುದೊಂದು ಸಡಿಲವಾದರೂ ಲೆಕ್ಕ ತಪ್ಪುತ್ತದೆ. 1969ರಲ್ಲಿ ಅಮೆರಿಕದ ಲಾಟನ್ ಮತ್ತು ಬ್ರೋಡಿ ಹಿರಿಯರ ಸ್ವಾವಲಂಬನೆ ಅಳೆಯುವ ಎಂಟು ಅಂಶಗಳ ಪಟ್ಟಿ ಮಾಡಿದಾಗ ಅದರಲ್ಲಿ ಹಣದ ನಿರ್ವಹಣೆಯನ್ನು ಸೇರಿಸಿದ್ದು ಇದೇ ಕಾರಣಕ್ಕೆ. 1975ರಲ್ಲಿ ಬಂದು ಜಗತ್ತೆಲ್ಲ ಹಬ್ಬಿದ ಮಿನಿ ಮೆಂಟಲ್ ಪರೀಕ್ಷೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತದೆ.

ಲಕ್ಷಣಗಳು ಸ್ಪಷ್ಟವಾಗುವ ಎಷ್ಟು ಮೊದಲು ಲೆಕ್ಕ ತಪ್ಪತೊಡಗುತ್ತದೆ? ಇದಕ್ಕೆ ಉತ್ತರ ಬಂದದ್ದು ತೀರ ಈಚೆಗೆ. ಅಮೆರಿಕದಲ್ಲಿ ಪ್ರತಿಯೊಬ್ಬರ ಸಾಲ, ಕಂತು, ಕ್ರೆಡಿಟ್ ಕಾರ್ಡ್ ಬಾಕಿಯ ದಾಖಲೆ ಒಂದೇ ಕಡೆ ಇರುತ್ತದೆ. ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದ 81 ಸಾವಿರಕ್ಕೂ ಹೆಚ್ಚು ಹಿರಿಯರ ವೈದ್ಯಕೀಯ ದಾಖಲೆಯನ್ನು ಈ ಸಾಲದ ದಾಖಲೆಯ ಜೊತೆ ತಾಳೆ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ಎಂದು ವೈದ್ಯರು ಹೇಳುವುದಕ್ಕೆ ಆರು ವರ್ಷ ಮೊದಲೇ ಇಂಥವರು ಬಿಲ್ಲು ಕಟ್ಟುವುದನ್ನು ಇತರರಿಗಿಂತ ಹೆಚ್ಚಾಗಿ ಮರೆಯತೊಡಗಿದ್ದರು. ಕಡಿಮೆ ಓದಿದವರಲ್ಲಿ ಈ ಸೂಚನೆ ಏಳು ವರ್ಷ ಮೊದಲೇ ಕಂಡಿತು, ಹೆಚ್ಚು ಓದಿದವರಲ್ಲಿ ಎರಡೂವರೆ ವರ್ಷ ಮೊದಲು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ವರದಿಯೂ ಐದು ವರ್ಷ ಮುಂಚಿತವಾಗಿ ಕಂತು ತಪ್ಪುವುದನ್ನು ತೋರಿಸಿತು.

ಚಿಂತಾಮಣಿಯ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಕ್ರೆಡಿಟ್ ಕಾರ್ಡ್ ಇಲ್ಲ, ಆಕೆಯ ಬಾಕಿಯ ದಾಖಲೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಇಲ್ಲಿನ ಸೂಚನೆಗಳು ಬೇರೆ. ಒಂದೇ ತಿಂಗಳ ಚೀಟಿ ಕಂತನ್ನು ಎರಡು ಸಲ ಕಟ್ಟುವುದು, ಕೊಟ್ಟ ಕೈಸಾಲವನ್ನು ಕೊಟ್ಟೇ ಇಲ್ಲವೆನ್ನುವುದು, ವಾಪಸು ಬಂದದ್ದನ್ನು ಬಂದಿಲ್ಲವೆಂದು ಜಗಳ ತೆಗೆಯುವುದು. ಗಿರವಿ ಅಂಗಡಿಯಲ್ಲಿಟ್ಟ ಒಡವೆಯ ರಸೀತಿ ಎಲ್ಲಿಟ್ಟೆನೆಂದು ತಿಳಿಯದೆ ಸೊಸೆಯ ಮೇಲೆ ಕಳ್ಳತನದ ಆರೋಪ ಹೊರಿಸುವುದಂತೂ ಮನೆ ಒಡೆಯುವ ಮಾತು. ಇನ್ನು ಕೆಲವರು ಹಳೆಯ ದುಡ್ಡಿಗೆ ಹಿಂತಿರುಗುತ್ತಾರೆ. ಅಣೆ, ಪೈಗಳ ಲೆಕ್ಕ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಎಂಬತ್ತು ದಾಟಿದವರ ಬಾಲ್ಯದ ಲೆಕ್ಕ ಅಣೆಯದು. ಹೊಸ ನೆನಪು ಜಾರಿ ಹೋಗಿ ಹಳೆಯದು ಉಳಿಯುವುದು ಈ ಕಾಯಿಲೆಯ ಗುಣವಾದ್ದರಿಂದ ಟೀಗೆ ಎರಡಾಣೆ ಕೊಡಲು ಹೊರಡುವುದು ತಮಾಷೆಯಲ್ಲ, ಲಕ್ಷಣ. 2016ರ ನವೆಂಬರಿನಲ್ಲಿ 500, 1000ದ ನೋಟುಗಳು ರದ್ದಾದಾಗ, ಮತ್ತೆ 2023ರಲ್ಲಿ 2000ದ ನೋಟು ಹಿಂದಕ್ಕೆ ಪಡೆದಾಗ ಬಚ್ಚಿಟ್ಟ ಜಾಗವನ್ನೇ ಮರೆತ ಹಿರಿಯರ ಉಳಿತಾಯ ಬರಿಯ ಕಾಗದವಾಗುವ ಅಪಾಯವಿತ್ತು. ಈಗಿನ ಹೊಸ ಅಪಾಯ ಮೊಬೈಲಿನದು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಒಟಿಪಿ ಹೇಳಿ’ ಎಂಬ ದನಿಗೆ ವಿವೇಕ ಸಡಿಲವಾದ ಮಿದುಳು ಸುಲಭವಾಗಿ ಬಾಗುತ್ತದೆ.

ಹಾಗೆಂದು ಲೆಕ್ಕ ತಪ್ಪಿದವರೆಲ್ಲ ಡಿಮೆನ್ಷಿಯಾದವರಲ್ಲ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಸಕ್ಕರೆಯ ಏರಿಳಿತ, ಕೆಲವು ಮಾತ್ರೆಗಳು ಇವೂ ಮರೆವು ತರುತ್ತವೆ, ಇವುಗಳಲ್ಲಿ ಹಲವು ಚಿಕಿತ್ಸೆಯಿಂದ ಸರಿಹೋಗುತ್ತವೆ. ಕಿವಿ ಸರಿಯಾಗಿ ಕೇಳದೆ ಮೊತ್ತ ತಪ್ಪಾಗಿ ತಿಳಿದುಕೊಂಡವರೂ ಇರುತ್ತಾರೆ. ಬದುಕಿನುದ್ದಕ್ಕೂ ದುಂದುಗಾರನಾಗಿದ್ದವನು ಎಪ್ಪತ್ತರಲ್ಲೂ ದುಂದುಗಾರನಾಗಿದ್ದರೆ ಅದರಲ್ಲಿ ಕಾಯಿಲೆ ಹುಡುಕಬೇಕಾಗಿಲ್ಲ. ಕಾಸಿಗೆ ಕಾಸು ಲೆಕ್ಕ ಹೇಳುತ್ತಿದ್ದವನು ದುಂದಾದರೆ ಮಾತು ಬೇರೆ. ನೋಡಬೇಕಾದದ್ದು ತಪ್ಪನ್ನಲ್ಲ, ಬದಲಾವಣೆಯನ್ನು.

ಮಾವಿನ ಸೀಮೆಯಲ್ಲಿ, ಜಿಲ್ಲಾಸ್ಪತ್ರೆಯಲ್ಲಿ

ಭಾರತದಲ್ಲಿ ಈ ಕಾಯಿಲೆ ಪಟ್ಟಣದ ಓದಿದವರದು ಎಂಬ ಭಾವನೆ ಬಹಳ ಕಾಲವಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಓದದವರಲ್ಲಿಯೂ ಹೆಚ್ಚು.

ಓದದವರನ್ನು ಪರೀಕ್ಷಿಸುವುದು ಹೇಗೆಂಬುದೇ ಮೊದಲು ದೊಡ್ಡ ಸಮಸ್ಯೆಯಾಗಿತ್ತು. ನೂರರಿಂದ ಏಳು ಕಳೆಯಲು, ವಾಕ್ಯ ಬರೆಯಲು ಹೇಳುವ ಪರೀಕ್ಷೆ ಅಕ್ಷರ ಬಾರದ ಅಜ್ಜಿಯನ್ನು ರೋಗಿಯೆಂದೇ ತೀರ್ಮಾನಿಸಿಬಿಡುತ್ತದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ಇದನ್ನು ಬದಲಿಸಿದರು. ತಾರೀಖು ಕೇಳುವ ಬದಲು ಈಗ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿದರು, ನಿಮ್ಮ ಹಳ್ಳಿ ಯಾವ ಅಂಚೆ ಕಚೇರಿಗೆ ಸೇರುತ್ತದೆ ಎಂದು ಕೇಳಿದರು, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಲಿನ್ ಪಟ್ಟಣದ ಎಮ್ಮಾಳನ್ನು ಕೇಳಿದ ಪ್ರಶ್ನೆಗಳಿಂದ ಇವು ಬಹಳ ದೂರವೇನಿಲ್ಲ.

ಚಿಂತಾಮಣಿ ತಾಲ್ಲೂಕಿನ ಗಡಿ ದಾಟಿದರೆ ಮಾವಿಗೆ ಹೆಸರಾದ ಶ್ರೀನಿವಾಸಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡದೊಂದು ಅಧ್ಯಯನ ನಡೆಸುತ್ತಿದೆ. ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು ವರ್ಷಾನುಗಟ್ಟಲೆ ಅವರ ರಕ್ತ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ಗಮನಿಸುವ ಉದ್ದೇಶ ಅದರದು. ಕಾಯಿಲೆ ಬಂದವರನ್ನಲ್ಲ, ಚೆನ್ನಾಗಿರುವವರನ್ನೇ ಹಿಂಬಾಲಿಸುವುದು ಇದರ ವಿಶೇಷ. ಮರೆವು ಹೇಗೆ, ಯಾವಾಗ ಕಾಲಿಡುತ್ತದೆಂದು ತಿಳಿಯಲು ಬೇರೆ ದಾರಿಯಿಲ್ಲ.

ಇತ್ತ ಚಿಕ್ಕಬಳ್ಳಾಪುರ, 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಪ್ರಾಯೋಗಿಕವಾಗಿ ಆಯ್ದುಕೊಂಡ ಜಾಗಗಳಲ್ಲಿ ಕೋಲಾರದ ಜೊತೆಗೆ ಚಿಕ್ಕಬಳ್ಳಾಪುರವೂ ಇತ್ತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವಿನ ಜೊತೆಗೆ ಡಿಮೆನ್ಷಿಯಾವನ್ನೂ ಜಿಲ್ಲಾಸ್ಪತ್ರೆಯಲ್ಲೇ ಗುರುತಿಸಬೇಕು, ಹಳ್ಳಿಯ ವೈದ್ಯರಿಗೆ ತರಬೇತಿ ಕೊಡಬೇಕು ಎಂಬುದು ಯೋಜನೆ. ಮುಂದೆ ಇದು ಬೇರೆ ಜಿಲ್ಲೆಗಳಿಗೂ ಹೋಯಿತು. ಬಾಗೇಪಲ್ಲಿಯ ಮೂಲೆಯ ಹಳ್ಳಿಯಿಂದ ಬೆಂಗಳೂರಿನ ಹೊಸೂರು ರಸ್ತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕೂ ಜಿಲ್ಲಾಸ್ಪತ್ರೆಯ ಬಾಗಿಲು ತಟ್ಟುವುದಕ್ಕೂ ವ್ಯತ್ಯಾಸವಿದೆ. ಆದರೆ ಬಾಗಿಲು ತಟ್ಟಬೇಕಾದವರಿಗೆ, ಇದು ತಟ್ಟಬೇಕಾದ ಸಂಗತಿ ಎಂದು ಮೊದಲು ತೋಚಬೇಕು. ‘ತಾತ ಡೇರಿಯ ದುಡ್ಡು ಎರಡು ಸಲ ಕೇಳಿದ’ ಎಂದು ಆಸ್ಪತ್ರೆಗೆ ಹೋಗುವ ರೂಢಿ ಇನ್ನೂ ಎಲ್ಲಿಯೂ ಇಲ್ಲ.

ಹೆಬ್ಬೆಟ್ಟಿನ ಬೆಲೆ

ಹಿಂದೆ ಕೂಡುಕುಟುಂಬದಲ್ಲಿ ಇದಕ್ಕೊಂದು ಮೌನ ವ್ಯವಸ್ಥೆಯಿತ್ತು. ಯಜಮಾನನ ಪಟ್ಟ ತಾತನದೇ, ಲೆಕ್ಕ ಮಾತ್ರ ದೊಡ್ಡ ಮಗನ ಕೈಗೆ ಮೆಲ್ಲಗೆ ಜಾರುತ್ತಿತ್ತು. ಅತ್ತೆಯ ಸೊಂಟದ ಬೀಗದಕೈ ಗೊಂಚಲು ಯಾವಾಗ ಸೊಸೆಯ ಸೊಂಟಕ್ಕೆ ಬಂತೆಂದು ಯಾರೂ ತಾರೀಖು ಬರೆದಿಡುತ್ತಿರಲಿಲ್ಲ. ಅದರಿಂದ ಮುದುಕರ ಮಾನ ಉಳಿಯುತ್ತಿತ್ತು ನಿಜ. ಮೋಸವೂ ಅಷ್ಟೇ ಮೌನವಾಗಿ ನಡೆಯುತ್ತಿತ್ತು ಎಂಬುದೂ ನಿಜ. ಈಗ ಮಕ್ಕಳು ಬೆಂಗಳೂರಿನಲ್ಲಿ, ತಂದೆತಾಯಿ ಊರಿನಲ್ಲಿ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆಯ ಜಮೀನಿನ ಬೆಲೆ ಏರಿ, ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಎರಡೆಕರೆಯ ಮುಂದೆ ದಲ್ಲಾಳಿಗಳು ನಿಲ್ಲುವಂತಾಯಿತು. ಅಂಥ ಜಮೀನಿನ ಒಡೆಯನಿಗೆ ಲೆಕ್ಕ ತಪ್ಪತೊಡಗಿದರೆ ಹೋಗುವುದು ಚೀಟಿಯ ಕಂತಲ್ಲ.

ಹೀಗೊಂದು ಮನೆ ಇದೆಯೆಂದುಕೊಳ್ಳಿ. ಎಪ್ಪತ್ತೆರಡರ ಯಜಮಾನ ಮುಂಗಡವಾಗಿ ಇಷ್ಟು ಲಕ್ಷ ಪಡೆದು ಕ್ರಯದ ಕರಾರಿಗೆ ಸಹಿ ಹಾಕಿದ್ದಾನೆ. ಮೂರು ತಿಂಗಳ ಮೇಲೆ ಮಕ್ಕಳು ಕೇಳಿದರೆ ಸಹಿಯೂ ನೆನಪಿಲ್ಲ, ದುಡ್ಡೂ ನೆನಪಿಲ್ಲ. ಕರಾರು ಊರ್ಜಿತವೇ? 1872ರ ಭಾರತೀಯ ಕರಾರು ಕಾಯ್ದೆಯ 12ನೆಯ ಕಲಮಿನ ಪ್ರಕಾರ ನೋಡಬೇಕಾದದ್ದು ಸಹಿ ಹಾಕಿದ ಗಳಿಗೆಯಲ್ಲಿ ಆತನಿಗೆ ವಿಷಯ ತಿಳಿದು, ತನ್ನ ಹಿತಾಹಿತ ಯೋಚಿಸುವ ಶಕ್ತಿ ಇತ್ತೇ ಎಂಬುದನ್ನು. ಸಾಮಾನ್ಯವಾಗಿ ಬುದ್ಧಿ ಸ್ಥಿಮಿತದಲ್ಲಿಲ್ಲದವನೂ ಸ್ಥಿಮಿತದಲ್ಲಿದ್ದ ಹೊತ್ತಿನಲ್ಲಿ ಮಾಡಿದ ಕರಾರು ಸಲ್ಲುತ್ತದೆ. ಡಿಮೆನ್ಷಿಯಾದ ಆರಂಭದಲ್ಲಿ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಆ ಗಳಿಗೆಯ ಸ್ಥಿತಿಯನ್ನು ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಎಷ್ಟು ಕಷ್ಟವೆಂದು ಸಿವಿಲ್ ವಕೀಲರಿಗೆ ಗೊತ್ತು.

‘ಮಗನ ಹೆಸರಿಗೆ ಜಿಪಿಎ ಮಾಡಿಸಿದ್ದೇವೆ, ತೊಂದರೆಯಿಲ್ಲ’ ಎಂದು ಅನೇಕರು ನಂಬಿದ್ದಾರೆ. ಅದೇ ಕಾಯ್ದೆಯ 201ನೆಯ ಕಲಮು ಆ ನಂಬಿಕೆಯ ಬುಡಕ್ಕೇ ಬರುತ್ತದೆ. ಅಧಿಕಾರ ಕೊಟ್ಟವನ ಬುದ್ಧಿಯ ಸ್ಥಿಮಿತ ಹೋದರೆ ಅಧಿಕಾರಪತ್ರವೂ ಮುಗಿಯಿತು. ಯಾವ ದಿನಕ್ಕಾಗಿ ಕಾಗದ ಮಾಡಿಸಿದರೋ ಆ ದಿನ ಬಂದಾಗಲೇ ಅದಕ್ಕೆ ಬಲವಿಲ್ಲ. ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು. 1985ರಲ್ಲಿ ಅಲ್ಲಿನ ಸಂಸತ್ತು, ಬುದ್ಧಿ ಕುಂದಿದ ಮೇಲೂ ಮುಂದುವರಿಯುವ ಅಧಿಕಾರಪತ್ರಕ್ಕೆ ಕಾನೂನು ಮಾಡಿತು. ಭಾರತದಲ್ಲಿ ಅಂಥದು ಬಂದಿಲ್ಲ.

ಇಲ್ಲಿ ನಡೆದದ್ದು ಹಿಮ್ಮುಖ ನಡಿಗೆ ಎಂದರೂ ತಪ್ಪಾಗದು. 1858ರ ಕಾಯ್ದೆಯಿಂದ ಹಿಡಿದು 1912ರ ಲ್ಯೂನಸಿ ಕಾಯ್ದೆ, ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆಯವರೆಗೆ, ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕನನ್ನು ನೇಮಿಸುವ ದಾರಿಯೊಂದು ಇತ್ತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಹಕ್ಕುಗಳ ಬಗ್ಗೆ ಬಹಳ ಒಳ್ಳೆಯದು. ಚಿಕಿತ್ಸೆಯ ವಿಷಯದಲ್ಲಿ ತನ್ನ ಪ್ರತಿನಿಧಿಯನ್ನು ಮೊದಲೇ ಹೆಸರಿಸುವ ಅವಕಾಶವನ್ನೂ ಕೊಟ್ಟಿದೆ. ಆದರೆ ಆಸ್ತಿಯ ಅಧ್ಯಾಯವನ್ನೇ ಅದು ಕೈಬಿಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವದ ಮಾತಿದೆಯಾದರೂ ಎಷ್ಟೋ ಕುಟುಂಬಗಳು ತಂದೆಯ ಖಾತೆಯಿಂದ ತಂದೆಯ ಔಷಧಿಗೇ ಹಣ ತೆಗೆಯಲು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗಿ ಬಂದಿದೆ. ಹೆಬ್ಬೂರಿನವರಾಗಲಿ ಗೌರಿಬಿದನೂರಿನವರಾಗಲಿ, ರೈತ ಮನೆತನವೊಂದಕ್ಕೆ ಹೈಕೋರ್ಟು ಎಷ್ಟು ದೂರವೆಂದು ಹೇಳಬೇಕಿಲ್ಲ.

ಇರುವ ಚಿಕ್ಕ ದಾರಿಗಳು ಬ್ಯಾಂಕಿನಲ್ಲಿವೆ. ಖಾತೆಯನ್ನು ಬುದ್ಧಿ ಚೆನ್ನಾಗಿರುವಾಗಲೇ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಜಂಟಿ ಖಾತೆ ಮಾಡಿಕೊಳ್ಳಬಹುದು. ಬ್ಯಾಂಕಿಗೆ ಬರಲಾಗದ, ಸಹಿ ಹಾಕಲಾಗದ ವೃದ್ಧರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿ, ಪಡೆದು ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಇದು ಕೈಕಾಲು ಸೋತವರಿಗೆ ಮಾಡಿದ ನಿಯಮ, ಬುದ್ಧಿ ಸೋತವರಿಗಲ್ಲ ಎಂಬುದನ್ನು ಮರೆಯಬಾರದು. ಮಕ್ಕಳಿಗೆ ದಾನಪತ್ರ ಬರೆದುಕೊಟ್ಟು ಬೀದಿಗೆ ಬಿದ್ದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಆಸರೆಯಾಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದಾಗುತ್ತದೆ. ಷರತ್ತನ್ನು ಪತ್ರದಲ್ಲಿ ಬರೆಸಿದ್ದರೆ ರುಜುವಾತು ಸುಲಭ. ಅದನ್ನು ಬರೆಸುವಷ್ಟು ಎಚ್ಚರ ಬರೆದುಕೊಡುವವನಿಗೆ ಆ ಹೊತ್ತಿನಲ್ಲಿ ಇರಬೇಕು, ಅಷ್ಟೇ.

ವೈದ್ಯರ ಬಳಿ ಕರೆದೊಯ್ದಾಗ ಮೊದಲು ಬರುವ ಪ್ರಶ್ನೆ, ಇದು ಯಾವಾಗಿನಿಂದ? ಮನೆಯವರು ಸಾಮಾನ್ಯವಾಗಿ ‘ಈಚೆಗೆ’ ಎನ್ನುತ್ತಾರೆ, ಇಲ್ಲವೇ ‘ದಸರೆಯಿಂದ’ ಎನ್ನುತ್ತಾರೆ. ಅವರಿಗೆ ಗೊತ್ತಿಲ್ಲದ ಉತ್ತರ ಟ್ರಂಕಿನಲ್ಲಿರುತ್ತದೆ. ಡೇರಿಯ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಸಂಘದ ಸಾಲದ ಕಾರ್ಡು, ಕರೆಂಟ್ ಬಿಲ್ಲಿನ ರಸೀತಿಗಳು. ಯಾವ ತಿಂಗಳಿನಿಂದ ಬಿಲ್ಲು ಬಾಕಿ ಬಿದ್ದಿದೆ, ಯಾವ ವಾರ ಒಂದೇ ಮೊತ್ತ ಎರಡು ಸಲ ಡ್ರಾ ಆಗಿದೆ, ಯಾವ ವರ್ಷದಿಂದ ಸಹಿಯ ಗೆರೆ ನಡುಗತೊಡಗಿದೆ ಎಂಬುದು ಅವುಗಳಲ್ಲಿ ತಾರೀಖು ಸಮೇತ ಇದೆ. ಬರುವಾಗ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಂದರೆ ವೈದ್ಯರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.